ತೆರ ಹೋಯಿತು, ವರದಕ್ಷಿಣೆ ಬಂತು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ಕಡೆಯ ಸಂಘಗಳಿಂದ ಬಂದಿದ್ದೀರಿ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು ನಾನು. ಇವತ್ತು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಮಗಳಿಗೆ ಗಂಡು ಹುಡುಕುವಾಗ ನಾವು ಮೊದಲು ಏನು ವಿಚಾರಿಸುತ್ತೇವೆ? ಜಾತಿ, ಒಳಪಂಗಡ, ಜಮೀನು, ನೌಕರಿ. ಹುಡುಗನ ಗುಣ ವಿಚಾರಿಸುವ ಹೊತ್ತಿಗೆ ಮಾತುಕತೆಯೇ ಮುಗಿದಿರುತ್ತದೆ.

ವರದಕ್ಷಿಣೆ ತಲತಲಾಂತರದಿಂದ ಬಂದದ್ದು ಎನ್ನುತ್ತಾರೆ. ನಮ್ಮ ಸೀಮೆಯ ಮಟ್ಟಿಗೆ ಇದು ನಿಜವಲ್ಲ. ಹಳೆಯ ಮೈಸೂರಿನ ಮದುವೆ ಮತ್ತು ಕುಟುಂಬಗಳ ಬಗ್ಗೆ ಎಂ.ಎನ್. ಶ್ರೀನಿವಾಸರು 1942ರಲ್ಲಿ ಪುಸ್ತಕ ತಂದರು. ಇಲ್ಲಿನ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ‘ತೆರ’ ಕೊಡುತ್ತಿದ್ದುದು ಅದರಲ್ಲಿ ದಾಖಲಾಗಿದೆ. ಹೆಣ್ಣಿಗೆ ಬೆಲೆ ಕಟ್ಟುವುದು ಅದರಲ್ಲೂ ಇತ್ತು, ಹೊಗಳಬೇಕಿಲ್ಲ. ಆದರೆ ಅವಳ ದುಡಿಮೆಯನ್ನಾದರೂ ಅದು ಒಪ್ಪಿಕೊಂಡಿತ್ತು.

ಆಮೇಲೆ ಓದು, ಸಂಬಳದ ನೌಕರಿ ಗಂಡುಮಕ್ಕಳಿಗೆ ಮೊದಲು ಸಿಕ್ಕಿತು. ಒಂದು ಪಂಗಡದಲ್ಲಿ ಅಂಥ ಹುಡುಗರು ನಾಲ್ಕು ಜನ, ಹೆಣ್ಣು ಹೆತ್ತವರು ನಲವತ್ತು ಜನ. ಪಂಗಡ ಬಿಟ್ಟು ಆಚೆ ನೋಡುವಂತಿಲ್ಲ. ಹರಾಜು ಶುರುವಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ನೋಡಿದ್ದೀರಲ್ಲ? ಅಲ್ಲಿ ಗೂಡು ಕೊಟ್ಟವರ ಕೈಗೆ ಹಣ ಬರುತ್ತದೆ. ಇಲ್ಲಿ ಮಗಳನ್ನೂ ಕೊಟ್ಟು ಹಣವನ್ನೂ ಕೊಡುತ್ತೇವೆ!

ಇದರಿಂದ ಉಳ್ಳವರ ಆಸ್ತಿ ಉಳ್ಳವರ ಮನೆಗೇ ಸೇರುತ್ತದೆ. ಇಲ್ಲದವರು ಇದ್ದ ಅರ್ಧ ಎಕರೆಯನ್ನೂ ಮಾರುತ್ತಾರೆ. ತಮ್ಮತಮ್ಮೊಳಗೇ ಮದುವೆಯಾಗುವ ಕಟ್ಟುಪಾಡಿನಲ್ಲೇ ಜಾತಿಯ ಬೇರು ಇದೆಯೆಂದು ಅಂಬೇಡ್ಕರ್ 1916ರಲ್ಲೇ ತೋರಿಸಿದ್ದರು. ವರದಕ್ಷಿಣೆಯೂ ಅದೇ ಬೇರಿನ ನೀರು ಕುಡಿಯುತ್ತಿದೆ.

ಹೆಣ್ಣು ಸಿಗುವುದು ಕಷ್ಟವಾದರೆ ವರದಕ್ಷಿಣೆ ತಾನಾಗಿ ನಿಲ್ಲುತ್ತದೆ ಎಂದುಕೊಂಡವರಿದ್ದರು. 2023ರ ಫೆಬ್ರವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ಯುವಕರು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ರೈತನ ಮಗನಿಗೆ ಹೆಣ್ಣು ಸಿಗುತ್ತಿಲ್ಲ ನಿಜ, ಆದರೆ ಸಂಬಳದವನ ಬೆಲೆ ಇಳಿದಿಲ್ಲ. ಹುಡುಗಿಯರನ್ನು ಬೈಯುವ ಮುಂಚೆ ಯೋಚಿಸಿ. ಸೊಪ್ಪು ಕೊಯ್ಯುವವಳು, ಹುಳು ಸಾಕುವವಳು, ಗೂಡು ಬಿಡಿಸುವವಳು ಹೆಂಗಸು. ಪಹಣಿಯಲ್ಲಿ ಯಾರ ಹೆಸರಿದೆ?

1961ರ ಕಾಯಿದೆಯಂತೆ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ, ಮದುವೆಯಾದವರಿಗೂ, ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ. ಮುಸ್ಲಿಂ ಸೋದರಿಯರಿಗೂ ಅವರ ಕಾನೂನಿನಲ್ಲಿ ಪಾಲುಂಟು. “ಮದುವೆಗೆ ಖರ್ಚು ಮಾಡಿದೆವಲ್ಲ” ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ ಸಹಿ ಹಾಕಬೇಡಿ. ವರದಕ್ಷಿಣೆ ಗಂಡನ ಮನೆಯ ಪಾಲಾಗುತ್ತದೆ. ಪಾಲಿಗೆ ಬಂದ ಜಮೀನು ಅವಳ ಹೆಸರಿನಲ್ಲಿ ಉಳಿಯುತ್ತದೆ. ಹೊಡೆತ ತಿಂದವಳು ಎದ್ದು ಬರಬೇಕಾದರೆ ಕಾಲೂರಲು ನೆಲ ಬೇಕು.

ನಿಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ಠರಾವು ಬರೆಯಿರಿ: ಸಂಘದ ಸಾಲ ಮಗಳ ಓದಿಗೆ ಉಂಟು, ಹಸುವಿಗೆ ಉಂಟು, ವರದಕ್ಷಿಣೆಗೆ ಇಲ್ಲ. ಇಲ್ಲಿ ಗಂಡುಮಕ್ಕಳ ತಾಯಂದಿರೂ ಕೂತಿದ್ದೀರಿ. ಕೊಡುವುದಿಲ್ಲ ಎನ್ನುವುದು ಹೆಣ್ಣು ಹೆತ್ತವರಿಗೆ ಕಷ್ಟ. ಕೇಳುವುದಿಲ್ಲ ಎನ್ನಲು ನಿಮಗೇನು ಕಷ್ಟ? ಮೊದಲ ಮಾತು ನಿಮ್ಮಿಂದ ಬರಲಿ.