ಅಂಚಿನಿಂದ ನಡುವಿಗೆ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಉಮರ್ಗಾ ದಾಟಿದರೆ ತುರೋರಿ. ಊರು ಮಹಾರಾಷ್ಟ್ರದ್ದು, ಕೆಲವು ಮನೆಗಳ ಮಾತು ಕನ್ನಡ. ನೆರೆಯ ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಬದಲಾಯಿತು, ಹಳೇ ಬಟ್ಟೆಯ ತೇಪೆಗಳಿಂದ ಕೌದಿ ಎಂಬ ಹೊದಿಕೆ ಹೊಲಿಯುವ ರೀತಿ ಬದಲಾಗಲಿಲ್ಲ.

ಇಂಥ ಹೊದಿಕೆ ಹೊಲಿಯಲು ಪಾಶ್ಚಾತ್ಯರಲ್ಲಿ ಬೇರೊಂದು ಪದ್ಧತಿಯಿದೆ. ಒಂದೊಂದು ಚೌಕವನ್ನೂ ಮೇಲುಬಟ್ಟೆ, ಹತ್ತಿ, ಅಡಿಬಟ್ಟೆ ಎಂಬ ಮೂರು ಪದರ ಸಮೇತ ಹೊಲಿದು ಮುಗಿಸಿ, ಆಮೇಲೆ ಜೋಡಿಸುವುದು. ಚಿಕ್ಕ ಮಷೀನಿಗೆ ಅನುಕೂಲ, ನಿಜ. ತೊಡಕಿರುವುದು ಕೂಡಿಸುವಲ್ಲಿ: ಒಳಗಿನ ಹತ್ತಿಯನ್ನು ಅಂಚಿಗೆ ಸರಿಯಾಗಿ ಕತ್ತರಿಸದಿದ್ದರೆ ಅಲ್ಲಿ ಗಂಟಿನಂತೆ ಉಬ್ಬಿ ಮೈಗೆ ಒತ್ತುತ್ತದೆ. ಹಲವು ಸಲ ಮೇಲೊಂದು ಪಟ್ಟಿ ಹಚ್ಚಿ ಸಂದು ಮುಚ್ಚಬೇಕಾಗುತ್ತದೆ.

ಕೌದಿಗೆ ಆ ಗೋಜಿಲ್ಲ. ಹಳೇ ಸೀರೆ ನೆಲಕ್ಕೆ ಹಾಸಿ, ಸುಕ್ಕು ಬಿಡಿಸಿ, ಮೇಲೆ ಧೋತರ, ಲಂಗ, ಅಂಗಿಯ ತುಂಡುಗಳನ್ನು ಹರವುತ್ತಾರೆ. ತೇಪೆ ಕೂಡಿಸುವುದೂ ಪದರ ಹಿಡಿಯುವುದೂ ಒಂದೇ ಎಳೆಹೊಲಿಗೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಮೂಲೆಯಿಂದ ಶುರುಮಾಡಿ, ಅಂಚು ಸುತ್ತುತ್ತಾ ನಡುವಿಗೆ ಬರುತ್ತಾರೆ; ನಾಲ್ಕೂ ಮೂಲೆಗೆ ‘ಫೂಲ’ ಎಂಬ ಮಡಿಸಿದ ತೇಪೆ ಇಡದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ಮಷೀನಿನ ನೇರ ಗೆರೆಗಿಂತ ನನಗೆ ಈ ಸೊಟ್ಟಸಾಲೇ ಇಷ್ಟ. ಹರಿದಲ್ಲಿ ಇನ್ನೊಂದು ತೇಪೆ ಬಿದ್ದರೆ ಮತ್ತೆರಡು ಚಳಿಗಾಲ ಬಾಳುತ್ತದೆ.