ಚೀಟಿ ಓದೋಣ, ಧೈರ್ಯವಾಗಿ ಹೋಗೋಣ



ಹೊಸನಗರದ ಕಡೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಇದ್ದಾರೆ. ಹೊಟ್ಟೆನೋವು ಅಂತ ಹೋದಾಗ ಡಾಕ್ಟರು ಸ್ಕ್ಯಾನಿಂಗ್‌ಗೆ ಚೀಟಿ ಬರೆದರು. ಅಕ್ಕ ನಸುಕಿಗೇ ಎದ್ದರು. ಕಾಫಿ ಕುಡಿದರು. ಎಲೆಅಡಿಕೆ ಹಾಕಿ ಬಸ್ಸು ಹತ್ತಿದರು. "ಏನಾದ್ರೂ ತಿಂದಿದೀರಾ?" ಅಂತ ಅಲ್ಲಿ ಕೇಳಿದರು. ಅವತ್ತು ಸ್ಕ್ಯಾನಿಂಗ್ ಆಗಲಿಲ್ಲ. ಒಂದು ದಿನದ ಕೂಲಿ ಹೋಯ್ತು. 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂದು ಚೀಟಿಯಲ್ಲೇ ಬರೆದಿತ್ತು. ಆಗ ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ.

ಪರೀಕ್ಷೆ ಯಾಕೆ ಬೇಕು? ಕಣ್ಣು ಹಳದಿಯಾದರೆ ನಾವು ಕಾಮಾಲೆ ಎನ್ನುತ್ತೇವೆ. ನಾಟಿ ಮದ್ದು ಹುಡುಕುತ್ತೇವೆ. ಕಾಮಾಲೆ ಕೆಟ್ಟ ನೀರಿನಿಂದ ಬರಬಹುದು. ಪಿತ್ತಕೋಶದ ಕಲ್ಲು ಜಾರಿ ಅಡ್ಡ ನಿಂತರೂ ಬರಬಹುದು. ಹೆಂಡ ಕುಡಿದು ಲಿವರ್ ಕೆಟ್ಟರೂ ಬರಬಹುದು. ಒಂದೊಂದಕ್ಕೆ ಚಿಕಿತ್ಸೆ ಬೇರೆ ಬೇರೆ. ಯಾವುದು ಎಂದು ಪರೀಕ್ಷೆಯಿಂದ ತಿಳಿಯುತ್ತದೆ.

ಮೊದಲು ರಕ್ತ ಪರೀಕ್ಷೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಇರುವೆ ಕಚ್ಚಿದಷ್ಟು ನೋವು. ಸ್ವಲ್ಪವೇ ರಕ್ತ ತೆಗೆಯುತ್ತಾರೆ. ಅದರಿಂದ ನಿಶ್ಶಕ್ತಿ ಆಗುವುದಿಲ್ಲ.

ಸ್ಕ್ಯಾನಿಂಗ್‌ಗೆ ಸೂಜಿ ಇಲ್ಲ, ನೋವೂ ಇಲ್ಲ. ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚಿ ಸಣ್ಣ ಯಂತ್ರ ಆಡಿಸುತ್ತಾರೆ. ಉಂಡರೆ ಪಿತ್ತಕೋಶ ಕುಗ್ಗುತ್ತದೆ, ಕಲ್ಲು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಖಾಲಿ ಹೊಟ್ಟೆ.

ಕೆಲವರನ್ನು ಎಂಡೋಸ್ಕೋಪಿಗೆ ಶಿವಮೊಗ್ಗಕ್ಕೆ ಕಳಿಸಬಹುದು. "ಬಾಯಲ್ಲಿ ಕೊಳವೆ ಹಾಕ್ತಾರಂತೆ, ಉಸಿರು ಕಟ್ಟತ್ತಂತೆ" ಎಂದು ನಾವು ಹೆದರುತ್ತೇವೆ. ಕೊಳವೆ ಕಿರುಬೆರಳಿನಷ್ಟು ದಪ್ಪ. ತುದಿಯಲ್ಲಿ ದೀಪ, ಕ್ಯಾಮೆರಾ ಇರುತ್ತವೆ. ಗಂಟಲಿಗೆ ಮರಗಟ್ಟುವ ಔಷಧ ಹಾಕಿ ಎಡಮಗ್ಗುಲಿಗೆ ಮಲಗಿಸುತ್ತಾರೆ. ಕೊಳವೆ ಹೋಗುವುದು ಅನ್ನ ಇಳಿಯುವ ದಾರಿಯಲ್ಲಿ. ಉಸಿರಿನ ದಾರಿ ಬೇರೆ. ಓಕರಿಕೆ ಬರುತ್ತದೆ, ಅದು ನಿಜ. ಮೂಗಿನಲ್ಲಿ ನಿಧಾನ ಉಸಿರಾಡೋಣ. ಸಾಮಾನ್ಯವಾಗಿ 5ರಿಂದ 10 ನಿಮಿಷದಲ್ಲಿ ಮುಗಿಯುತ್ತದೆ. ಮರಗಟ್ಟಿದ್ದು ಬಿಡುವ ತನಕ ನೀರೂ ಕುಡಿಯಬಾರದು. ಮಂಪರಿನ ಇಂಜೆಕ್ಷನ್ ಕೊಡುವುದಾದರೆ ಮನೆಯವರೊಬ್ಬರು ಜೊತೆಗಿರಬೇಕು. ಆಮೇಲೆ ಜೋರು ಹೊಟ್ಟೆನೋವು, ರಕ್ತವಾಂತಿ, ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಾವು ಕೇಳಬೇಕಾದ್ದು: ಇದು ಯಾವ ಪರೀಕ್ಷೆ? ಯಾಕೆ? ಎಷ್ಟು ಹೊತ್ತು ಉಪವಾಸ ಇರಬೇಕು? ಖರ್ಚೆಷ್ಟು? ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆ ನುಂಗಬಹುದಾ?

ನಾವು ಹೇಳಬೇಕಾದ್ದು: ಬಸುರಿಯಾಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ, ಯಾವುದಾದರೂ ಔಷಧ ಮೈಗೆ ಒಗ್ಗದಿದ್ದರೆ ಮೊದಲೇ ಹೇಳಬೇಕು. ನಾಚಿಕೆ ಬೇಡ.

ಕೊಳವೆ ಪರೀಕ್ಷೆಗೆ ಮೊದಲು ಒಪ್ಪಿಗೆ ಪತ್ರ ಕೊಡುತ್ತಾರೆ. ಓದದೆ ಸಹಿ ಮಾಡಬಾರದು. ತಿಳಿಯದಿದ್ದರೆ "ಓದಿ ಹೇಳಿ" ಅನ್ನೋಣ. ಕೇಳುವುದು ನಮ್ಮ ಹಕ್ಕು.

ಆ ಅಕ್ಕನಿಗೆ ಈಚೆಗೆ ಮತ್ತೆ ಸ್ಕ್ಯಾನಿಂಗ್ ಚೀಟಿ ಬಂತು. ಕೇಂದ್ರದಲ್ಲಿ ನಮ್ಮೆಲ್ಲರ ಮುಂದೆ ಅಕ್ಷರ ಕೂಡಿಸಿ ಓದಿದರು: 'ಖಾಲಿ ಹೊಟ್ಟೆಯಲ್ಲಿ ಬನ್ನಿ.' ಬೆಳಿಗ್ಗೆ ಕಾಫಿ ಮುಟ್ಟಲಿಲ್ಲ. ಎಲೆಅಡಿಕೆ ಚೀಲವನ್ನೂ ಮನೆಯಲ್ಲೇ ಬಿಟ್ಟರು. ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಈಗ ಆಪರೇಷನ್‌ಗೆ ದಿನ ಗೊತ್ತಾಗಿದೆ.

"ಒಪ್ಪಿಗೆ ಪತ್ರ ನಾನೇ ಓದ್ತೀನಿ" ಎಂದಿದ್ದಾರೆ ಅಕ್ಕ. "ಹೆಬ್ಬೆಟ್ಟು ಒತ್ತಲ್ಲ, ಸಹಿ ಹಾಕ್ತೀನಿ."