ಶೆಡ್ಡಿನ ಗಾಳಿಯಲ್ಲಿ ಹಾರಿಹೋಗುವ ಯೂರಿಯಾ



ಚಳಿಗಾಲದ ಬೆಳಿಗ್ಗೆ ಕೋಳಿ ಶೆಡ್ಡಿನ ಪರದೆ ಎತ್ತಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಘಾಟು ಮೂಗಿಗೆ ಹೊಡೆಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಸ್ವಲ್ಪ ಹೊತ್ತು ಒಳಗೆ ಓಡಾಡಿದರೆ ಮೂಗು ಒಗ್ಗಿಹೋಗಿ ಘಾಟೇ ಇಲ್ಲ ಅನ್ನಿಸುತ್ತೆ. ಆದರೆ ಅದು ಅಲ್ಲೇ ಇರುತ್ತೆ. ಕೋಳಿ ಹಗಲೂ ರಾತ್ರಿ ಅದನ್ನೇ ಉಸಿರಾಡುತ್ತಿರುತ್ತೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದು 25 ಪಾಲು ದಾಟಬಾರದು ಎನ್ನುತ್ತಾರೆ. ದಾಟಿದರೆ ಕೋಳಿಯ ಕಣ್ಣು, ಉಸಿರುನಾಳ ಕೆಡುತ್ತವೆ, ತೂಕ ಕುಗ್ಗುತ್ತದೆ.

ಆ ಘಾಟೇ ಅಮೋನಿಯಾ. ಹಿಕ್ಕೆ ಬಿದ್ದ ಹೊಟ್ಟು ಒದ್ದೆಯಾಗಿ ಕೊಳೆತಾಗ ಹುಟ್ಟುವ ಅನಿಲ. ಇದರ ಲೆಕ್ಕ ಕೇಳಿ. 17 ಕೆಜಿ ಅಮೋನಿಯಾದಲ್ಲಿ 14 ಕೆಜಿ ಸಾರಜನಕವೇ. ಅಂದರೆ 25 ಕೆಜಿ ಅಮೋನಿಯಾ ಗಾಳಿಗೆ ಹೋಯಿತು ಅಂದ್ರೆ, 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿರುವಷ್ಟು ಸಾರಜನಕ ಹೋಯಿತು. ಕಂಪನಿ ಕೋಳಿ ಸಾಕುವವರಲ್ಲಿ ಮರಿ ಅವರದು, ಆಹಾರ ಅವರದು. ಶೆಡ್ಡು ನಮ್ಮದು, ಶೆಡ್ಡಿನ ಸಾಲ ನಮ್ಮದು. ನಮ್ಮ ಪಾಲಿಗೆ ಉಳಿಯುವುದು ಆ ಗೊಬ್ಬರ. ಅದರ ಸಾರವೂ ಹೀಗೆ ಹಾರಿಹೋದರೆ?

ಇದನ್ನು ಹಿಡಿಯುವ ಸಾಧನಕ್ಕೆ ಬಯೋಫಿಲ್ಟರ್ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ. ಶೆಡ್ಡಿನ ಗಾಳಿಯನ್ನು ಫ್ಯಾನಿನಿಂದ ಎಳೆದು ಒಂದು ತೊಟ್ಟಿಯ ತಳಕ್ಕೆ ಬಿಡುತ್ತಾರೆ. ಮೇಲೆ ಜಾಲರಿ, ಜಾಲರಿಯ ಮೇಲೆ ಮರದ ಚಕ್ಕೆ ಮತ್ತು ಕಳಿತ ಗೊಬ್ಬರ ಬೆರೆಸಿ ಒಂದು, ಒಂದೂವರೆ ಅಡಿ ಹಾಸು. ತೆಂಗಿನ ನಾರನ್ನೂ ಹಾಕಿ ನೋಡಿದ್ದಾರೆ. ಗಾಳಿ ಆ ಹಾಸಿನೊಳಗೆ ನುಸುಳಿ ಮೇಲೆ ಬರುವ ನಾಲ್ಕೈದು ಸೆಕೆಂಡಿನಲ್ಲಿ ಅಮೋನಿಯಾ ಚಕ್ಕೆಯ ತೇವಕ್ಕೆ ಕರಗುತ್ತದೆ. ಅಲ್ಲಿ ಕಾದಿರುವ ಒಂದು ಜಾತಿಯ ಜೀವಾಣು ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತದೆ. ನೀವು ಹೊಲಕ್ಕೆ ಯೂರಿಯಾ ಎರಚಿದಾಗ ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ. ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೋಗ್ರಾಡ್‌ಸ್ಕಿ ಈ ಜೀವಾಣುಗಳನ್ನು 1890ರ ಸುಮಾರಿಗೇ ಬೇರ್ಪಡಿಸಿ ತೋರಿಸಿದ.

ಕಷ್ಟ ಇರುವುದು ಕಟ್ಟುವುದರಲ್ಲಲ್ಲ, ಸಾಕುವುದರಲ್ಲಿ. ಜೀವಾಣು ಅಂದ್ರೆ ಅದೂ ಒಂದು ದನ ಇದ್ದ ಹಾಗೆ. ಹಾಸನ್ನು ಮುಷ್ಟಿಯಲ್ಲಿ ಹಿಡಿದರೆ ಕೈ ತೇವವಾಗಬೇಕು, ನೀರು ತೊಟ್ಟಿಕ್ಕಬಾರದು. ಒಣಗಿದರೆ ಜೀವಾಣು ಸಾಯುತ್ತವೆ, ಗಾಳಿ ಬಿರುಕು ಹುಡುಕಿಕೊಂಡು ಹಾಗೇ ಪಾರಾಗುತ್ತದೆ. ನೆನೆದರೆ ಉಸಿರು ಕಟ್ಟುತ್ತದೆ. ಮೊದಲ ಕೆಲವು ವಾರ ಅವು ಹೆಚ್ಚಿಕೊಳ್ಳುವ ತನಕ ಫಲ ಕಾಣದು. ಅಮೋನಿಯಾ ಅತಿಯಾದರೆ ಅದನ್ನು ತಿನ್ನುವ ಜೀವಾಣುವೇ ಸೋಲುತ್ತದೆ. ಕೋಳಿ ಶೆಡ್ಡಿನ ಪುಕ್ಕ, ಧೂಳು ಹಾಸಿನ ಸಂದಿ ಮುಚ್ಚುತ್ತದೆ. ಫ್ಯಾನು ತಿಣುಕುತ್ತದೆ, ಕರೆಂಟು ಬಿಲ್ಲು ಏರುತ್ತದೆ. ಕೆಲವು ವರ್ಷಕ್ಕೆ ಚಕ್ಕೆ ಕೊಳೆತು ಹೊಸದು ಹಾಕಬೇಕು. ಹಳೆಯದು ಹೊಲಕ್ಕೆ ಹೋಗಲಿ, ವ್ಯರ್ಥವಲ್ಲ.

ಇನ್ನೊಂದು ಮಾತು ಯಾರೂ ಎತ್ತಿ ಹೇಳುವುದಿಲ್ಲ. ಈ ಫಿಲ್ಟರು ತೊಳೆಯುವುದು ಹೊರಗೆ ಹೋಗುವ ಗಾಳಿಯನ್ನು. ಒಳಗಿನ ಕೋಳಿಯ ಗಾಳಿ ಇದ್ದ ಹಾಗೇ ಇರುತ್ತದೆ! ಅದು ಪಕ್ಕದ ಮನೆಯವರ ಮೂಗಿಗೆ ಮಾಡುವ ಉಪಕಾರ. ಮಾಡಬೇಕಾದದ್ದೇ, ಆದರೆ ಖರ್ಚು ಯಾರ ತಲೆಗೆ?

ನಮ್ಮಲ್ಲಿ ಹೆಚ್ಚಿನವರದು ಎರಡೂ ಕಡೆ ಜಾಲರಿಯ ತೆರೆದ ಶೆಡ್ಡು. ಗಾಳಿ ನಾಲ್ಕೂ ದಿಕ್ಕಿಗೆ ಹೋಗುವಲ್ಲಿ ಫಿಲ್ಟರಿಗೆ ಹಿಡಿದುಕೊಡುವವರು ಯಾರು? ಅಂಥವರು ಇದಕ್ಕೆ ಕಾಸು ಹಾಕಬೇಡಿ. ನಿಮ್ಮ ಕೆಲಸ ನೆಲದಲ್ಲಿದೆ. ಸೋರುವ ನೀರಿನ ನಳಿಕೆ ಸರಿಮಾಡಿ, ಹೊಟ್ಟು ತಿರುವಿ ಹಾಕಿ, ಒದ್ದೆ ಜಾಗದ ಹೊಟ್ಟು ತೆಗೆದು ಒಣ ಹೊಟ್ಟು ಸುರಿಯಿರಿ. ಹೊರಗೆ ಹಾಕಿದ ಗೊಬ್ಬರದ ರಾಶಿಯ ಮೇಲೆ ಕಳಿತ ಹಳೇ ಗೊಬ್ಬರವನ್ನು ದಪ್ಪಗೆ ಹೊದಿಸಿ. ಅದೇ ಬಡವನ ಬಯೋಫಿಲ್ಟರ್. ಕೊಟ್ಟಿಗೆಯ ಗಂಜಲಕ್ಕೆ ಮಣ್ಣು ಹರಡುತ್ತಿದ್ದ ಹಿರಿಯರಿಗೆ ಇದು ಹೊಸ ವಿದ್ಯೆಯಲ್ಲ.

ಫ್ಯಾನು ಹಾಕಿದ ಮುಚ್ಚಿದ ಶೆಡ್ಡಿನವರ ಮಾತು ಬೇರೆ. ಹಸಿರು ನ್ಯಾಯಮಂಡಳಿಯ 2020ರ ಆದೇಶದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೋಳಿ ಸಾಕಣೆಯ ಮಾರ್ಗಸೂಚಿಯನ್ನು ಬಿಗಿ ಮಾಡಿತು. ನಾಳೆ ಯಾರೋ ಬಂದು “ಫಿಲ್ಟರ್ ಹಾಕಿಸಿ, ಸಾಲ ನಾವೇ ಕೊಡಿಸ್ತೀವಿ” ಅನ್ನಬಹುದು. ಹಾಲೆಂಡಿನ ಹಂದಿ ಸಾಕುವ ರೈತರು ಪರವಾನಗಿಗಾಗಿ, ಇದೇ ಬಳಗದ ಗಾಳಿ ತೊಳೆಯುವ ಯಂತ್ರ ಹಾಕಿಸಿಕೊಂಡಿದ್ದರು. ಸರಕಾರ ಒಪ್ಪಿದ ಯಂತ್ರಗಳೇ. ಹಲವು ಯಂತ್ರಗಳು ಕಾಗದದಲ್ಲಿದ್ದಷ್ಟು ವಾಸನೆ ತೆಗೆಯುತ್ತಿಲ್ಲ ಎಂದು ವಾಗೆನಿಂಗೆನ್ ವಿಶ್ವವಿದ್ಯಾಲಯದವರು ಅಳೆದು ಹೇಳಿದರು. 2018ರಲ್ಲಿ ಸರಕಾರ ಆ ಅಂಕಿಗಳನ್ನೇ ಇಳಿಸಿತು. ಯಂತ್ರ ಮಾತ್ರ ರೈತನ ಶೆಡ್ಡಿನಲ್ಲೇ ಉಳಿಯಿತು.

ಆದ್ದರಿಂದ ಸಹಿಗೆ ಮುಂಚೆ ಕೇಳಿ: ಅಳೆದು ತೋರಿಸುವವರು ಯಾರು? ಕರೆಂಟು ಯಾರದು, ಚಕ್ಕೆ ಬದಲಿಸುವ ಖರ್ಚು ಯಾರದು, ಕೋಳಿ ಕೊಡುವ ಕಂಪನಿಯ ಪಾಲೆಷ್ಟು? ಉತ್ತರವನ್ನು ಒಪ್ಪಂದದ ಕಾಗದದಲ್ಲೇ ಬರೆಸಿಕೊಳ್ಳಿ. ಬರೆಯೋಲ್ಲ ಅಂದರೆ ಆ ಕಾಗದ ಸಂಘದ ಸಭೆಗೆ ತನ್ನಿ, ಎಲ್ಲರೂ ಕೂತು ಓದೋಣ.